ಬ್ಯಾಟರಿ ಉಲ್ಟಾ ಜೋಡಿಸಿದಿರಾ? ಫ್ಯೂಸ್ ಬದಲಿಸಿ ಸುಮ್ಮನಾಗಬೇಡಿ

ಕಾರಿನ ಹಳೆಯ ಬ್ಯಾಟರಿ ತೆಗೆದು ಹೊಸದನ್ನು ಕೂರಿಸುವುದು ಹತ್ತು ನಿಮಿಷದ ಕೆಲಸ. ನನಗೆ ಅದು ಮೂರು ವಾರ ಹಿಡಿಯಿತು.

ಹೊಸ ಬ್ಯಾಟರಿಯ ಉದ್ದ, ಅಗಲ, 45 ಆಂಪಿಯರ್-ಅವರ್ ಸಾಮರ್ಥ್ಯ ಎಲ್ಲವೂ ಹಳೆಯದರಂತೆಯೇ ಇದ್ದವು. ಪ್ಲಸ್ ಇರಬೇಕಾದ ಕಡೆ ಮೈನಸ್ ಇತ್ತು, ಅಷ್ಟೇ. ಒಂದೇ ಗಾತ್ರದ ಬ್ಯಾಟರಿ ಎಡ-ಬಲ ಅದಲುಬದಲಾದ ಎರಡು ಬಗೆಗಳಲ್ಲಿ ಸಿಗುತ್ತದೆಂದು ನನಗೆ ತಿಳಿದಿರಲಿಲ್ಲ. ಗುರುತು ನೋಡದೆ, ಕೇಬಲ್‌ಗಳನ್ನು ಮೊದಲಿದ್ದ ಮೂಲೆಗಳಿಗೇ ತಂದೆ. ಮೈನಸ್ ಕೇಬಲ್‌ನ ಕ್ಲಾಂಪ್ ಕೆಳಗಿಳಿಯಲೇ ಇಲ್ಲ. ಸ್ಕ್ರೂಡ್ರೈವರ್ ತುರುಕಿ ಅದರ ಬಾಯಿ ಅಗಲಿಸಿ, ಸ್ಪ್ಯಾನರ್‌ನಿಂದ ಕುಟ್ಟಿ ಕೂರಿಸಿದೆ. ಪ್ಲಸ್ ಟರ್ಮಿನಲ್ಲನ್ನು ಮೈನಸ್‌ಗಿಂತ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ ಮಾಡಿರುವುದೇ ನನ್ನಂಥ ಬುದ್ಧಿವಂತರನ್ನು ತಡೆಯಲಿಕ್ಕೆ. ಎರಡನೆಯ ಕ್ಲಾಂಪ್ ತಾಗಿದ್ದೇ ತಡ, ಚಟ್ಟನೆ ಕಿಡಿ ಹಾರಿತು. ಹಿಂದೆಯೇ ಸುಟ್ಟ ವಾಸನೆ.

ಮುಖ್ಯ ಫ್ಯೂಸ್ ಹೋಗಿತ್ತು. ಕೇಬಲ್‌ಗಳನ್ನು ಸರಿಪಡಿಸಿ, ಅಷ್ಟೇ ಆಂಪಿಯರ್‌ನ ಹೊಸ ಫ್ಯೂಸ್ ಹಾಕಿದೆ. ಕಾರು ಸ್ಟಾರ್ಟ್ ಆಯಿತು. ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಮರುದಿನ ಬೆಳಗ್ಗೆ ಕೀ ತಿರುಗಿಸಿದರೆ ಬರೀ ಟಿಕ್ ಟಿಕ್. ಚಾರ್ಜ್ ಮಾಡಿದೆ, ಅದರ ಮರುದಿನವೂ ಅದೇ ಕಥೆ. ಬ್ಯಾಟರಿಯೇ ಕಳಪೆ ಎಂದು ಅಂಗಡಿಯವರೊಡನೆ ಜಗಳಕ್ಕೂ ಹೋದೆ. ಪಾಪ, ಅವರದೇನೂ ತಪ್ಪಿರಲಿಲ್ಲ.

ಕೊನೆಗೆ ಮಲ್ಟಿಮೀಟರ್ ಹಿಡಿದೆ. ಎಂಜಿನ್ ಆರಿಸಿ, ಬಾಗಿಲು ಮುಚ್ಚಿ, ಅರ್ಧ ಗಂಟೆ ಬಿಟ್ಟು, ಮೈನಸ್ ಕೇಬಲ್ ಮತ್ತು ಬ್ಯಾಟರಿಯ ನಡುವೆ 10 ಆಂಪಿಯರ್ ಶ್ರೇಣಿಯಲ್ಲಿ ಮೀಟರ್ ಸೇರಿಸಿದೆ. (ಮೀಟರ್ ಹಾಗೆ ಇರುವಾಗ ಸ್ಟಾರ್ಟ್ ಮಾಡಲು ಹೋಗಬೇಡಿ, ಮೀಟರ್‌ನ ಫ್ಯೂಸ್ ಸುಡುತ್ತದೆ. ಹೇಗೆ ಗೊತ್ತೆಂದು ಕೇಳಬೇಡಿ.) ಸಾಮಾನ್ಯವಾಗಿ 50 ಮಿಲಿ ಆಂಪಿಯರ್ ಒಳಗಿರಬೇಕಾದ ಕರೆಂಟ್ 3 ಆಂಪಿಯರ್ ದಾಟಿತ್ತು! ರಾತ್ರಿ ಹತ್ತು ಗಂಟೆಗಳಲ್ಲಿ 45ರಲ್ಲಿ 30 ಖಾಲಿ. ಸಣ್ಣ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಎಲ್ಲವನ್ನೂ ಕಿತ್ತರೂ ಮೀಟರ್‌ನ ಅಂಕಿ ಅಲುಗಲಿಲ್ಲ. ಎರಡು ವಾರ ನನ್ನನ್ನು ಕಾಡಿದ್ದು ಇದೇ.

ಒಂದು ಮುಂಜಾನೆ ಬಾನೆಟ್ ಎತ್ತಿ ಸುಮ್ಮನೆ ಅಲ್ಲಿ ಇಲ್ಲಿ ಮುಟ್ಟುತ್ತಿದ್ದೆ. ರಾತ್ರಿಯಿಡೀ ನಿಂತಿದ್ದ ಎಂಜಿನ್ ತಣ್ಣಗಿತ್ತು. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮಾತ್ರ ಜ್ವರ ಬಂದ ಹಣೆಯಂತೆ ಬೆಚ್ಚಗಿತ್ತು.

ಆಲ್ಟರ್ನೇಟರ್‌ನೊಳಗಿನ ಡಯೋಡ್‌ಗಳು ಕರೆಂಟನ್ನು ಬ್ಯಾಟರಿಯ ಕಡೆಗೆ ಮಾತ್ರ ಬಿಡುವ ಬಾಗಿಲುಗಳು. ಬ್ಯಾಟರಿ ಉಲ್ಟಾ ಆದಾಗ ಅವೆಲ್ಲ ಒಟ್ಟಿಗೆ ತೆರೆದುಕೊಂಡು ನೇರ ಶಾರ್ಟ್ ಆಗುತ್ತದೆ. ಫ್ಯೂಸ್ ಸುಡುವಷ್ಟರಲ್ಲಿ ನನ್ನವು ಪೆಟ್ಟು ತಿಂದು, ಆಮೇಲೆ ಮುಚ್ಚಿದಾಗಲೂ ಸೋರುತ್ತಿದ್ದವು. ಆಲ್ಟರ್ನೇಟರ್‌ನ ದಪ್ಪ ತಂತಿ ಮುಖ್ಯ ಫ್ಯೂಸ್ ಮೂಲಕ ಬ್ಯಾಟರಿಗೆ ಹೋಗುತ್ತದೆ. ನಾನು ಕಿತ್ತ ಸಣ್ಣ ಫ್ಯೂಸ್‌ಗಳ ದಾರಿಯಲ್ಲಿ ಅದು ಇಲ್ಲವೇ ಇಲ್ಲ. ಆ ತಂತಿಯಲ್ಲಿ ಸದಾ ಕರೆಂಟ್ ಇರುವುದರಿಂದ ಮೊದಲು ಬ್ಯಾಟರಿಯ ಮೈನಸ್ ಕಳಚಿ, ಆಮೇಲೆ ತಂತಿ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಮತ್ತೆ ಅಳೆದೆ. 30 ಮಿಲಿ ಆಂಪಿಯರ್.

ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.3 ವೋಲ್ಟ್ ಕಂಡು ಚಾರ್ಜ್ ಆಗುತ್ತಿದೆಯಲ್ಲ ಎಂದು ಮೀಟರ್ ಹಿಡಿದ ಮೊದಲ ದಿನವೇ ಸಮಾಧಾನಪಟ್ಟಿದ್ದೆ. 14ರ ಆಸುಪಾಸು ಇರಬೇಕಿತ್ತು. ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿದ್ದರೂ ಸಾಕಿತ್ತು; ಆಲ್ಟರ್ನೇಟರ್‌ನ ಎಸಿಯನ್ನು ಡಿಸಿ ಮಾಡುವುದೂ ಈ ಡಯೋಡ್‌ಗಳೇ. ಅಲ್ಲಿ ಅರ್ಧ ವೋಲ್ಟ್ ದಾಟಿದರೆ ಡಯೋಡ್‌ಗಳ ಮೇಲೆ ಅನುಮಾನ ಪಡಬೇಕು. ಹೆಡ್‌ಲೈಟ್ ಸಣ್ಣಗೆ ನಡುಗುತ್ತಿದ್ದುದನ್ನೂ ನೋಡಿದ್ದೆ, ಬಲ್ಬ್ ಹಳೆಯದೆಂದುಕೊಂಡಿದ್ದೆ.

ಆಲ್ಟರ್ನೇಟರ್ ಬದಲಾಯಿತು. ದಿನಕ್ಕೊಮ್ಮೆ ಬರಿದಾಗಿ ಬರಿದಾಗಿ ಹೊಸ ಬ್ಯಾಟರಿಯೂ ಸೊರಗಿತ್ತು, ಅದೂ ಬದಲಾಯಿತು. ಈ ಸಲ ಅಂಗಡಿಯಲ್ಲಿ ಮೊದಲು ಕೇಳಿದ್ದು ಪ್ಲಸ್ ಯಾವ ಕಡೆ ಎಂದು.