ಲಗ್ನಪತ್ರಿಕೆ ಚೀಟಿಯೋ, ಫೋನಿನ ಆಪೋ: ಮೂರು ತಿಂಗಳು ಎರಡರಲ್ಲೂ ಓದಿ ನೋಡಿದ್ದು

ನಮ್ಮನೆ ಸಜ್ಜದ ಮೇಲೆ ಹಳೇ ಲಗ್ನಪತ್ರಿಕೆಗಳ ದೊಡ್ಡ ಕಟ್ಟು ಇತ್ತು. ಅವ್ವ ಯಾವುದನ್ನೂ ಎಸೆಯುವವಳಲ್ಲ. ಈ ಸಲ ದೀಪಾವಳಿಗೆ ಮನೆ ಗುಡಿಸುವಾಗ ಅದು ಕೆಳಗೆ ಬಂತು. ಅದೇ ವಾರ ಅಕ್ಕನ ಮಗಳು ಸಮಾಜ ವಿಜ್ಞಾನದ ಉತ್ತರ ಪತ್ರಿಕೆ ತಂದು ಮೇಜಿನ ಮೇಲೆ ಇಟ್ಟಳು. 80ಕ್ಕೆ 39. ಎಸ್ಸೆಸ್ಸೆಲ್ಸಿ ಓದಲಿ ಅಂತ ಅಕ್ಕ ಅವಳನ್ನು ಮಂಡ್ಯದ ನಮ್ಮನೆಯಲ್ಲಿ ಬಿಟ್ಟಿದ್ದಾಳೆ. ಬೈಯೋಕೆ ಬಾಯಿ ಬರಲಿಲ್ಲ, ಯಾಕೆಂದರೆ ಅವಳು ಓದದೆ ಇದ್ದದ್ದೇ ಇಲ್ಲ.

"ಎಲ್ಲಾ ಓದಿವ್ನಿ ಕನ ಮಾವ. ಅಲ್ಲಿ ಕುಂತ್ರೆ ಬರಾಕಿಲ್ಲ."

ನನ್ನ ಕಥೆಯೂ ಬೇರೆ ಏನಲ್ಲ. ಮೈಸೂರಿನಲ್ಲಿ ಲೆಕ್ಕ ಬರೆಯುವ ಕೆಲಸ. ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಜೊತೆಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಸಂವಿಧಾನದ ವಿಧಿಗಳನ್ನು ಎಷ್ಟು ಸಲ ಓದಿದರೂ ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಅರ್ಧ ಹೊಳೆಗೆ ಬಿದ್ದಿರುತ್ತಿತ್ತು. ಹಾಗಾಗಿ ಇಬ್ಬರೂ ಸೇರಿ ಒಂದು ಒಪ್ಪಂದ ಮಾಡಿಕೊಂಡೆವು. ಅವಳು ಆ ಲಗ್ನಪತ್ರಿಕೆ ಕತ್ತರಿಸಿ, ಪ್ರಶ್ನೆ ಉತ್ತರ ಬರೆದ ಚೀಟಿಗಳಲ್ಲಿ ಓದುವುದು, ನಾನು ಫೋನಿನಲ್ಲಿ ಅಂಥದ್ದೇ ಚೀಟಿ ತೋರಿಸುವ ಆಂಕಿ ಎಂಬ ಆಪ್‌ನಲ್ಲಿ ಓದುವುದು. ಕೊನೆಗೆ ಎರಡು ವಾರ ಅದಲು ಬದಲು. ಅವಳ ಹಳೇ ಪದ್ಧತಿಗಳನ್ನೂ ಪಕ್ಕದಲ್ಲಿಟ್ಟು ನೋಡುವುದು ಅಂತಾಯಿತು.

ಮೊದಲು ಹಳೇ ಪದ್ಧತಿ. ಹಳದಿ ಹೈಲೈಟರ್ ಹಿಡಿದು ಮೂರು ಸಲ ಓದುವುದು. ಅವಳ ಪುಸ್ತಕ ನೋಡಿದರೆ ಅರಿಶಿನದ ನೀರು ಚೆಲ್ಲಿದ ಹಾಗಿತ್ತು. ಸರಿ, ಒಂದು ಪರೀಕ್ಷೆ ಮಾಡೋಣ ಅಂತ ಇತಿಹಾಸದ ಎರಡು ಪಾಠ ಆರಿಸಿದೆ. ಒಂದನ್ನು ಅವಳ ರೀತಿಯಲ್ಲೇ ಓದಿದಳು. ಇನ್ನೊಂದನ್ನು ಒಂದೇ ಸಲ ಓದಿ, ಚೀಟಿ ಮಾಡಿ, ನೋಡದೆ ಉತ್ತರ ಹೇಳಿದಳು. ಅವತ್ತು ರಾತ್ರಿ ಕೇಳಿದರೆ ಓದಿದ ಪಾಠವೇ ಗೆದ್ದಿತು! ಗಡಗಡ ಒಪ್ಪಿಸಿದಳು. ಚೀಟಿ ಪಾಠದಲ್ಲಿ ತಡವರಿಸಿದಳು. ಅಲ್ಲಿಗೆ ಚೀಟಿ ಕಥೆ ಮುಗಿಯಿತು ಅಂದುಕೊಂಡೆ. ಮುಂದಿನ ಭಾನುವಾರ ಹೇಳದೆ ಕೇಳದೆ ಎರಡರಿಂದಲೂ ಇಪ್ಪತ್ತಿಪ್ಪತ್ತು ಪ್ರಶ್ನೆ ಕೊಟ್ಟೆ. ಮೂರು ಸಲ ಓದಿದ ಪಾಠದಲ್ಲಿ 8 ಸರಿ. ಚೀಟಿ ಪಾಠದಲ್ಲಿ 15.

ಒಬ್ಬ ಹುಡುಗಿಯ ಎರಡು ಪಾಠ ನೋಡಿ ಏನೂ ಹೇಳೋಕಾಗಲ್ಲ, ನಿಜ. ಆದರೆ ಇದನ್ನೇ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು 2006ರಲ್ಲಿ ಕಾಲೇಜು ಹುಡುಗರ ಮೇಲೆ ಸರಿಯಾಗಿ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದೆ. ವಾರದ ನಂತರ ಲೆಕ್ಕ ತಿರುಗಾಮುರುಗಾ. ನಾಲ್ಕು ಸಲ ಓದಿದವರಿಗೆ ನೆನಪಿದ್ದದ್ದು ಸುಮಾರು ಶೇ 40. ಒಂದು ಸಲ ಓದಿ ಮೂರು ಸಲ ನೆನಪಿನಿಂದ ಬರೆದವರಿಗೆ ಶೇ 61. ಪರೀಕ್ಷೆಯ ಹಿಂದಿನ ರಾತ್ರಿ "ಎಲ್ಲಾ ಬರುತ್ತೆ" ಅನ್ನಿಸುವುದು ಯಾಕೆ, ಹಾಲ್‌ನಲ್ಲಿ ಕೈಕೊಡುವುದು ಯಾಕೆ ಅಂತ ನನಗೆ ಆಗ ಗೊತ್ತಾಯಿತು. ಹೈಲೈಟರ್ ಮೊದಲ ಸುತ್ತಿನಲ್ಲೇ ಔಟ್.

ವಿಡಿಯೋ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆಪ್‌ನಲ್ಲಿ ಪಾಠ ತೆರೆದುಕೊಳ್ಳುತ್ತದೆ, ಯೂಟ್ಯೂಬ್‌ನಲ್ಲಂತೂ ಲೆಕ್ಕವಿಲ್ಲದಷ್ಟಿದೆ. ವಿದ್ಯುತ್ ಮೋಟಾರ್ ಯಾಕೆ ತಿರುಗುತ್ತದೆ ಅಂತ ಅರ್ಥವಾಗಬೇಕಾದರೆ ವಿಡಿಯೋ ಬೇಕೇ ಬೇಕು, ಹತ್ತು ಪುಟ ಓದುವುದಕ್ಕಿಂತ ಅದೇ ವಾಸಿ. ಆದರೆ ನೋಡಿದ್ದು ನೆನಪಲ್ಲಿ ಉಳಿಯಲಿಲ್ಲ. ನೋಡುವಾಗ ತಲೆಯಾಡಿಸುತ್ತಾಳೆ, ನಿಲ್ಲಿಸಿ "ಈಗ ನೀನು ಹೇಳು" ಅಂದರೆ ಸೂರು ನೋಡುತ್ತಾಳೆ.

ಇನ್ನು ನಿಜವಾದ ಪೈಪೋಟಿಗೆ ಬರೋಣ.

ಚೀಟಿ ಪೆಟ್ಟಿಗೆ ಅಂದರೆ ಇಷ್ಟೇ. ಚೀಟಿಯ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ಶೂ ಡಬ್ಬದೊಳಗೆ ರಟ್ಟು ನಿಲ್ಲಿಸಿ ಐದು ಗೂಡು ಮಾಡಿದೆವು. ಹೊಸ ಚೀಟಿ ಮೊದಲ ಗೂಡಿಗೆ, ಅದನ್ನು ದಿನಾ ನೋಡಬೇಕು. ಸರಿ ಹೇಳಿದರೆ ಎರಡನೇ ಗೂಡಿಗೆ, ಅದು ಎರಡು ದಿನಕ್ಕೊಮ್ಮೆ. ಆಮೇಲೆ ನಾಲ್ಕು ದಿನಕ್ಕೆ, ವಾರಕ್ಕೆ, ಹದಿನೈದು ದಿನಕ್ಕೆ. ಯಾವ ಗೂಡಿನಲ್ಲೇ ತಪ್ಪಿದರೂ ಸೀದಾ ಮೊದಲ ಗೂಡಿಗೆ. ಹಾವು ಏಣಿ ಆಟದಲ್ಲಿ 98ರ ಹಾವು ನುಂಗುತ್ತಲ್ಲ, ಹಾಗೆ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ ಜರ್ಮನಿಯಲ್ಲಿ ಇದನ್ನು ಜನಪ್ರಿಯ ಮಾಡಿದ್ದು. ಸಂಜೆ ದೀಪ ಹಚ್ಚಿದ ಮೇಲೆ ದಿನಾ ಮಗ್ಗಿ ಹೇಳಿಸುತ್ತಿದ್ದ ನಮ್ಮ ತಾತನಿಗೆ ಇದರಲ್ಲಿ ಹೊಸದೇನೂ ಕಾಣುತ್ತಿರಲಿಲ್ಲ. ಒಂದು ವ್ಯತ್ಯಾಸ ಇದೆ. ತಾತ ಬರುವ ಮಗ್ಗಿಯನ್ನೂ ಬರದ ಮಗ್ಗಿಯನ್ನೂ ಒಂದೇ ಸಮ ಹೇಳಿಸುತ್ತಿದ್ದರು. ಪೆಟ್ಟಿಗೆ ಬರದೇ ಇರುವುದನ್ನು ಮಾತ್ರ ಜಾಸ್ತಿ ಕೇಳುತ್ತದೆ.

ಲಗ್ನಪತ್ರಿಕೆಯ ರಟ್ಟು ಗಟ್ಟಿ, ಒಂದರಲ್ಲಿ ನಾಲ್ಕರಿಂದ ಆರು ಚೀಟಿ ಆಗುತ್ತವೆ. ನುಣುಪಾದ ಪತ್ರಿಕೆ ಬೇಡ, ಬಾಲ್ ಪೆನ್ನು ಜಾರುತ್ತದೆ, ಜೆಲ್ ಪೆನ್ನಿನ ಶಾಯಿ ಒರೆಸಿಹೋಗುತ್ತದೆ. ಇನ್ನೊಂದು ತೊಡಕು ನಾನು ಎಣಿಸಿಯೇ ಇರಲಿಲ್ಲ. ಕತ್ತರಿ ಹಿಡಿದ ಕೂಡಲೇ ಅವ್ವ ಅಡುಗೆಮನೆಯಿಂದ ಓಡಿಬಂದಳು. "ಗಣಪತಿ ಮುಖ ಕತ್ತರಿಸ್ಬ್ಯಾಡಿ ಕನ್ರಪ್ಪ!" ದೇವರ ಚಿತ್ರ ಇದ್ದ ಭಾಗವೆಲ್ಲ ಬೇರೆ ತೆಗೆದಿಟ್ಟೆವು. ಹಾಗಾಗಿ ಚೀಟಿಗಳು ಒಂದೊಂದು ಒಂದೊಂದು ಅಳತೆ.

ಆದರೆ ಆ ಅವ್ವನಿಂದಲೇ ಪೆಟ್ಟಿಗೆಗೆ ದೊಡ್ಡ ಲಾಭ ಆಯಿತು. ಅವರೆಕಾಯಿ ಸುಲಿಯುತ್ತಾ ಕೂತಾಗ ಕನ್ನಡಕ ಹಾಕಿಕೊಂಡು ಪ್ರಶ್ನೆ ಓದುತ್ತಿದ್ದಳು, ಮೊಮ್ಮಗಳು ಕಾಯಿ ಸುಲಿಯುತ್ತಾ ಉತ್ತರ ಹೇಳುತ್ತಿದ್ದಳು. "ಸಹಾಯಕ ಸೈನ್ಯ ಪದ್ಧತಿ ತಂದವರು ಯಾರು?" "ವೆಲ್ಲೆಸ್ಲಿ, 1798." "ದತ್ತು ಮಕ್ಕಳಿಗೆ ಹಕ್ಕಿಲ್ಲ ಅಂದೋನು?" "ಡಾಲ್‌ಹೌಸಿ." ಇದು ಫೋನಿನಲ್ಲಿ ಸಾಧ್ಯವೇ ಇರಲಿಲ್ಲ. ಶುರುವಿನಲ್ಲಿ ಅವ್ವ ಪಾಪ ಅಂತ ಉತ್ತರದ ಮೊದಲ ಅಕ್ಷರ ಹೇಳಿಬಿಡುತ್ತಿದ್ದಳು. "ವೆ... ವೆ..." ಅಂದರೆ ಯಾರಿಗೆ ತಾನೇ ಬರಲ್ಲ? ಹಾಗೆ ಸುಳಿವು ಸಿಕ್ಕಿದ ಚೀಟಿಗಳೇ ಎರಡು ವಾರ ಬಿಟ್ಟು ಕೇಳಿದಾಗ ಉದುರಿಹೋದವು. ಸುಳಿವು ಕೊಡಕೂಡದು ಅಂತ ಅವ್ವನಿಗೆ ಒಪ್ಪಿಸಲು ನಾಲ್ಕು ದಿನ ಹಿಡಿಯಿತು.

ಆಪ್ ಕಡೆಗೆ ಬರುತ್ತೇನೆ. ಆಂಕಿ ಅಂದಾಗ ಹುಡುಗಿ ಕೇಳಿದ್ದು, "ಅದೇನು ಗಣಿತದ ಆಪಾ?" ನಮ್ಮ ಅಂಕಿಗೂ ಅದಕ್ಕೂ ಸಂಬಂಧವಿಲ್ಲ. ಜಪಾನಿ ಭಾಷೆಯಲ್ಲಿ ಬಾಯಿಪಾಠ ಮಾಡುವುದಕ್ಕೆ ಆ ಹೆಸರು. 2006ರಲ್ಲಿ ಡೇಮಿಯನ್ ಎಲ್ಮ್ಸ್ ಎಂಬುವರು ಶುರು ಮಾಡಿದ್ದು. ಆಂಡ್ರಾಯ್ಡ್ ಫೋನಿಗೆ ಆಂಕಿಡ್ರಾಯ್ಡ್ ಅಂತ ಉಚಿತವಾಗಿ ಸಿಗುತ್ತದೆ, ಕಂಪ್ಯೂಟರಿಗೂ ಉಚಿತ. ಐಫೋನಿಗೆ ಮಾತ್ರ ಸುಮಾರು 25 ಡಾಲರ್ ಕೊಡಬೇಕು. ಇದೇ ಥರದ ಹೆಸರಿನ ಬೇರೆ ಆಪ್‌ಗಳೂ ಇವೆ, ಇಳಿಸಿಕೊಳ್ಳುವಾಗ ಹೆಸರು ಸರಿಯಾಗಿ ನೋಡಿ. ಇದೂ ಒಂದು ಚೀಟಿ ಪೆಟ್ಟಿಗೆಯೇ. ಗೂಡುಗಳ ಬದಲು ಪ್ರತಿ ಚೀಟಿಗೂ ಅದರದೇ ದಿನ ಲೆಕ್ಕ ಹಾಕುತ್ತದೆ. ಉತ್ತರ ನೋಡಿದ ಮೇಲೆ ನಾಲ್ಕು ಗುಂಡಿ: ಬರಲಿಲ್ಲ, ಕಷ್ಟ, ಸರಿ, ಸುಲಭ. ನೀವು ಒತ್ತಿದ್ದನ್ನು ನೋಡಿಕೊಂಡು ನಾಳೆ ಕೇಳಬೇಕೋ ಮುಂದಿನ ತಿಂಗಳು ಕೇಳಬೇಕೋ ಅದೇ ತೀರ್ಮಾನಿಸುತ್ತದೆ.

ರೈಲಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮಂಡ್ಯದಿಂದ ಮೈಸೂರಿಗೆ ಮುಕ್ಕಾಲು ಗಂಟೆಯ ದಾರಿ, ಸೀಟು ಸಿಗುವುದು ಅದೃಷ್ಟ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. ಇಂಟರ್ನೆಟ್ ಬೇಕಿಲ್ಲ, ಯಲಿಯೂರಿನ ಹತ್ತಿರ ನೆಟ್‌ವರ್ಕ್ ಹೋದರೂ ಚೀಟಿ ನಿಲ್ಲುವುದಿಲ್ಲ. ಪಾಂಡವಪುರ ಬರುವಷ್ಟರಲ್ಲಿ ಆ ದಿನದ್ದು ಅರ್ಧ ಮುಗಿದಿರುತ್ತದೆ.

ಆದರೂ ಮೊದಲ ತಿಂಗಳು ನಾನು ಮಣ್ಣು ತಿಂದೆ. ಕಾರಣ ಆಪ್ ಅಲ್ಲ, ನಾನು ಬರೆದ ಚೀಟಿಗಳು. ಪಂಚಾಯ್ತಿಗಳಿಗೆ ಸಂಬಂಧಪಟ್ಟ ಸಂವಿಧಾನದ 73ನೇ ತಿದ್ದುಪಡಿಯ ಬಗ್ಗೆ ಅರ್ಧ ಪುಟವನ್ನು ಒಂದೇ ಚೀಟಿಗೆ ತುರುಕಿದ್ದೆ. ಪ್ರತಿ ಸಲ ಅರ್ಧ ಬರುತ್ತಿತ್ತು, ಅರ್ಧ ಇಲ್ಲ. ಯಾವ ಗುಂಡಿ ಒತ್ತುವುದು? ಆಮೇಲೆ ಒಡೆದೆ. ಅಂಗೀಕಾರವಾದ ವರ್ಷ? 1992. ಜಾರಿಗೆ ಬಂದದ್ದು? 1993ರ ಏಪ್ರಿಲ್ 24. ಸೇರಿಸಿದ ಅನುಸೂಚಿ? ಹನ್ನೊಂದನೆಯದು. ಅದರಲ್ಲಿ ಎಷ್ಟು ವಿಷಯ? 29. ಗ್ರಾಮ ಪಂಚಾಯ್ತಿ ಕಟ್ಟಬೇಕು ಎನ್ನುವ ನಿರ್ದೇಶಕ ತತ್ವ ಯಾವ ವಿಧಿ? 40. ಒಂದು ಚೀಟಿಗೆ ಒಂದೇ ಉತ್ತರ. ಯಾರೋ ಮಾಡಿಟ್ಟ ರೆಡಿಮೇಡ್ ಕಟ್ಟನ್ನೂ ಇಳಿಸಿಕೊಂಡು ನೋಡಿದ್ದೆ. ಒಂದು ವಾರ ಕೂಡ ನಡೆಯಲಿಲ್ಲ. ಊರವರ ಚಪ್ಪಲಿ ಹಾಕಿಕೊಂಡ ಹಾಗೆ, ಎಲ್ಲೋ ಕಚ್ಚುತ್ತದೆ. ನಾನೇ ಬರೆದ ಚೀಟಿ ಬರೆಯುವಾಗಲೇ ಅರ್ಧ ತಲೆಗೆ ಹೋಗಿರುತ್ತದೆ.

ಇನ್ನೊಂದು ಮೋಸ ಇದೆ, ಅದು ಗುಂಡಿ ಒತ್ತುವುದರಲ್ಲಿ. ಉತ್ತರ ಕಂಡ ಮೇಲೆ "ಹೌದಲ್ವಾ, ಇದೇ ಅಂದುಕೊಂಡಿದ್ದೆ" ಅಂತ ಸುಮ್ನೆ "ಸರಿ" ಒತ್ತಿಬಿಡುವುದು. ಅವ್ವನ ಮುಂದೆ ಇದು ನಡೆಯುವುದಿಲ್ಲ, ಫೋನಿನ ಮುಂದೆ ನಡೆಯುತ್ತದೆ. ಅದಕ್ಕೆ ತಿರುಗಿಸುವ ಮೊದಲು ಉತ್ತರವನ್ನು ತುಟಿಯಲ್ಲಿ ಹೇಳಿಕೊಳ್ಳಲು ಶುರು ಮಾಡಿದೆ. ಪಕ್ಕದ ಸೀಟಿನ ಹಿರಿಯರೊಬ್ಬರು ಕೇಳಿಯೇಬಿಟ್ಟರು, "ಯಾವ ಸ್ತೋತ್ರ ಹೇಳ್ಕೋತಿದ್ದೀರಪ್ಪ?"

ರಜೆ ಹಾಕಿದಾಗ ಎರಡರ ಗುಣ ಚೆನ್ನಾಗಿ ಗೊತ್ತಾಯಿತು. ನಂಟರ ಮನೆ ಕೆಲಸಕ್ಕೆ ಐದು ದಿನ ಹೋಗಿ ಬಂದು ಆಪ್ ತೆರೆದರೆ 187 ಚೀಟಿ ಬಾಕಿ. ಸಾಲಗಾರ ಬಾಗಿಲಲ್ಲಿ ನಿಂತ ಹಾಗೆ. ಎರಡು ದಿನ ಆಪ್ ಮುಟ್ಟಲಿಲ್ಲ, ಬಾಕಿ ಇನ್ನೂ ಬೆಳೆಯಿತು. ಕೊನೆಗೆ ದಿನದ ಹೊಸ ಚೀಟಿಯ ಲೆಕ್ಕವನ್ನು ಸೊನ್ನೆ ಮಾಡಿ ಹತ್ತು ದಿನದಲ್ಲಿ ತೀರಿಸಿದೆ. ತಾನಾಗಿ ಅದು ದಿನಕ್ಕೆ 20 ಹೊಸ ಚೀಟಿ ಕೊಡುತ್ತದೆ. ಕೆಲಸಕ್ಕೆ ಹೋಗುವವರಿಗೆ ಅದು ಜಾಸ್ತಿ, ನಾನು 8ಕ್ಕೆ ಇಳಿಸಿದ್ದೇನೆ. ಶೂ ಡಬ್ಬ ಹೀಗೆ ಹೆದರಿಸುವುದಿಲ್ಲ. ಆದರೆ ಏನೂ ಹೇಳುವುದೂ ಇಲ್ಲ. ಹುಡುಗಿ ಮೂರನೇ ಗೂಡನ್ನು ಮೂರು ವಾರ ಮರೆತೇಬಿಟ್ಟಿದ್ದಳು, ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಯಾವ ದಿನ ಯಾವ ಗೂಡು ಅಂತ ಬರೆದಿಟ್ಟೆವು.

ಅದಲು ಬದಲು ಮಾಡಿದ ಎರಡು ವಾರ ಎರಡೂ ಕಡೆ ಫಜೀತಿ. ನಾನು ಚೀಟಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ರೈಲಿಗೆ ಒಯ್ದೆ. ಮೂರನೇ ದಿನ ಬಾಗಿಲ ಗಾಳಿಗೆ ಏಳೆಂಟು ಚೀಟಿ ಹಾರಿ, ಒಂದು ಯಾರದೋ ತಲೆಯ ಮೇಲೆ ಕೂತಿತು. ಅವಳಿಗೆ ನನ್ನ ಹಳೇ ಫೋನಿಗೆ ಆಂಕಿ ಹಾಕಿಕೊಟ್ಟಿದ್ದೆ. ಮೊದಲ ಮೂರು ದಿನ ಚೆನ್ನಾಗಿಯೇ ನಡೆಯಿತು. ನಾಲ್ಕನೇ ದಿನ ನೋಡಿದರೆ ಆಪ್‌ನಲ್ಲಿ ಹನ್ನೊಂದು ನಿಮಿಷ, ರೀಲ್ಸ್‌ನಲ್ಲಿ ಒಂದೂವರೆ ಗಂಟೆ. ಅವಳನ್ನು ಬೈದು ಪ್ರಯೋಜನವಿಲ್ಲ, ಅದೇ ಫೋನಿನಲ್ಲಿ ನಾನೂ ಕ್ರಿಕೆಟ್ ಸ್ಕೋರ್ ನೋಡುತ್ತಾ ಶ್ರೀರಂಗಪಟ್ಟಣ ದಾಟಿದ್ದಿದೆ. ಫೋನು ವಾಪಸ್ ತೆಗೆದುಕೊಂಡೆ. ಚಿತ್ರ ಬಿಡಿಸುವುದರಲ್ಲೂ ಅವಳಿಗೆ ಚೀಟಿಯೇ ಸರಿಹೋಯಿತು. ಕಣ್ಣಿನ ಚಿತ್ರ, ಮಸೂರದ ಕಿರಣಗಳು, ಇವು ಕೈಯಲ್ಲಿ ಬರೆದರೇನೇ ಪರೀಕ್ಷೆಯಲ್ಲಿ ಬರುವುದು.

ಗಣಿತಕ್ಕೆ ಎರಡೂ ಕೆಲಸಕ್ಕೆ ಬಾರವು. ಸೂತ್ರ ನೆನಪಿಡಬಹುದು ಅಷ್ಟೇ. ಲೆಕ್ಕ ಮಾಡಿಯೇ ಕಲಿಯಬೇಕು.

ಹಾಗಾದರೆ ಯಾರಿಗೆ ಯಾವುದು? ಮನೆಯಲ್ಲಿ ಪ್ರಶ್ನೆ ಕೇಳುವವರು ಒಬ್ಬರಿದ್ದು, ಓದುವವರು ಹದಿನಾರರ ಒಳಗಿದ್ದರೆ ನಾನು ಕಣ್ಣು ಮುಚ್ಚಿಕೊಂಡು ಶೂ ಡಬ್ಬ ಅನ್ನುತ್ತೇನೆ. ಓಡಾಟದಲ್ಲೇ ಓದಬೇಕಾದವರಿಗೆ, ಚೀಟಿ ಐನೂರು ದಾಟುವವರಿಗೆ ಆಂಕಿ. ನನ್ನದು ಈಗ 640 ಆಗಿದೆ, ಅಷ್ಟು ಚೀಟಿಯನ್ನು ಡಬ್ಬದಲ್ಲಿಟ್ಟು ದಿನ ಲೆಕ್ಕ ಹಾಕಲು ನನಗಾಗುತ್ತಿರಲಿಲ್ಲ. ಆದರೆ ಎರಡರಲ್ಲೂ ದಿನಕ್ಕೆ ಇಪ್ಪತ್ತು ನಿಮಿಷ ತಪ್ಪದೆ ಕೊಡಬೇಕು. ಭಾನುವಾರ ಮೂರು ಗಂಟೆ ಕೂತು ಸರಿದೂಗಿಸುತ್ತೇನೆ ಅಂದರೆ ಆಗುವುದಿಲ್ಲ, ಮಾಡಿ ನೋಡಿ ಸೋತಿದ್ದೇನೆ.

ಮೊನ್ನೆಯ ಶಾಲೆ ಪರೀಕ್ಷೆಯಲ್ಲಿ ಅವಳಿಗೆ 80ಕ್ಕೆ 61 ಬಂತು. ಶ್ರೀರಂಗಪಟ್ಟಣದ ಒಪ್ಪಂದ ಆಗಿದ್ದು 1792ರಲ್ಲಿ, ಟಿಪ್ಪು ಸತ್ತದ್ದು 1799ರಲ್ಲಿ. ಇವೆರಡನ್ನು ಇನ್ನೂ ಅದಲು ಬದಲು ಮಾಡುತ್ತಾಳೆ, ಆ ಚೀಟಿ ನಾಲ್ಕನೇ ಗೂಡಿಗೆ ಹೋಗಿ ಮೂರು ಸಲ ವಾಪಸ್ ಬಂದಿದೆ. ಈಗಿನ ತಲೆನೋವು ಬೇರೆ. ಪತ್ರಿಕೆಗಳ ಕಟ್ಟು ಮುಗಿಯುತ್ತಾ ಬಂದಿದೆ, ವಿಜ್ಞಾನದ ನಾಲ್ಕು ಪಾಠ ಬಾಕಿ ಇದೆ. ಧನುರ್ಮಾಸ, ಸಂಕ್ರಾಂತಿ ಕಳೆಯುವ ತನಕ ಯಾರ ಮನೆಯಲ್ಲೂ ಮದುವೆ ಇಲ್ಲ. ಅವ್ವ ಬೀದಿಯ ನಾಲ್ಕು ಮನೆಗೆ ಹೇಳಿ ಬಂದಿದ್ದಾಳೆ, ಹಳೇ ಪತ್ರಿಕೆ ಇದ್ದರೆ ಎಸೆಯಬೇಡಿ ಅಂತ.