ಜಪಾನಿನ ಹಳೆಯ ಸಿಡಿ ಸಿಂಗಲ್: ಪುಟ್ಟದ್ದೋ, ದೊಡ್ಡದ್ದೋ?

ಸೆಕೆಂಡ್ ಹ್ಯಾಂಡ್ ಜಪಾನಿ ಸಿಂಗಲ್ (ಒಂದೆರಡು ಹಾಡಷ್ಟೇ ಇರುವ ಸಿಡಿ) ಕೊಳ್ಳುವವರಿಗೆ ಎರಡು ದಾರಿ. ಒಂದು, 1988ರಲ್ಲಿ ಬಂದ 8 ಸೆಂ.ಮೀ. ಸಿಡಿ. ಇನ್ನೊಂದು, 90ರ ದಶಕದ ಕೊನೆಯ ಹೊತ್ತಿಗೆ ಅದರ ಜಾಗ ಹಿಡಿಯತೊಡಗಿದ 12 ಸೆಂ.ಮೀ. ಮ್ಯಾಕ್ಸಿ ಸಿಂಗಲ್.

ಚೆಂದಕ್ಕಾದರೆ ನನ್ನ ಓಟು ಪುಟ್ಟದ್ದಕ್ಕೇ. ಸಿಡಿಗಿಂತ ಎರಡರಷ್ಟು ಉದ್ದದ ರಟ್ಟಿನ ಕವರ್, ಸುಮಾರು 17 ಸೆಂ.ಮೀ. ಮುಖಚಿತ್ರಕ್ಕೆ ಒಳ್ಳೇ ಜಾಗ. ಒಳಗೆ ಪ್ಲಾಸ್ಟಿಕ್ ಟ್ರೇ. ಬೇಕಾದರೆ ಅದರ ಖಾಲಿ ಅರ್ಧ ಮುರಿದು, ಕವರ್ ಮಡಚಿ, ಚೌಕ ಮಾಡಿಕೊಳ್ಳಬಹುದು. ಹಾಗೆ ಮಾಡಿದವರೂ ಇದ್ದಾರೆ, ಪಾಪ! ಸಂಗ್ರಹಕ್ಕಾದರೆ ಮಡಚದೇ ಇರುವುದನ್ನೇ ಹುಡುಕಿ. ರಟ್ಟು ಬೇಗ ಸವೆಯುತ್ತದೆ, ತೇವ ತಾಗಿದರೆ ಕಲೆ ಬೀಳುತ್ತದೆ. ಈ ಪುಟ್ಟ ಸಿಡಿಯಲ್ಲಿ ಹಿಡಿಸುವುದು ಸುಮಾರು 20 ನಿಮಿಷದ ಸಂಗೀತ. ಎರಡು ಹಾಡು, ಜೊತೆಗೆ ಕರೋಕೆ ಟ್ರ್ಯಾಕ್, ಅಷ್ಟೇ.

ಮ್ಯಾಕ್ಸಿಯದು ಹೆಚ್ಚಾಗಿ ತೆಳು ಪ್ಲಾಸ್ಟಿಕ್ ಡಬ್ಬಿ. ಒಡೆದರೆ ಬೇರೆ ಹಾಕಬಹುದು, ರೀಮಿಕ್ಸ್‌ಗಳಿಗೂ ಜಾಗ ಜಾಸ್ತಿ. ನೋಡಲು ಸ್ವಲ್ಪ ಸಪ್ಪೆ ಅಲ್ವಾ?

ಮೊದಲು ನಿಮ್ಮ ಪ್ಲೇಯರ್ ನೋಡಿ. ಟ್ರೇ ಹೊರಬರುವಂಥದ್ದಾದರೆ ಮಧ್ಯೆ ಚಿಕ್ಕ ಸಿಡಿಗೆಂದೇ ತಗ್ಗು ಇರುತ್ತದೆ. ಕಾರಿನಲ್ಲಿರುವಂತೆ ಸೀಳಿನೊಳಗೆ ತೂರಿಸುವಂಥದ್ದಾದರೆ ಪುಟ್ಟದ್ದು ಸಿಕ್ಕಿಹಾಕಿಕೊಳ್ಳಬಹುದು. ಅಂಥವರು ಸುಮ್ನೆ ಮ್ಯಾಕ್ಸಿ ಕೊಳ್ಳಿ.