ಸ್ಪೋರ್ಟ್ ಮಾಡೆಲ್‌ಗೆ ಎರಡು ಲಕ್ಷ ಜಾಸ್ತಿ ಕೊಡುವ ಮುಂಚೆ ಟೈರ್ ನೋಡಿ

ಸಣ್ಣ ಕಾರು ಬುಕ್ ಮಾಡುವ ಯೋಚನೆಯಲ್ಲಿ ಇದ್ದೀರಾ? ಅದರಲ್ಲೂ ಹಳ್ಳಿ ರಸ್ತೆಯಲ್ಲಿ ಓಡಾಡುವವರಾದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ನನ್ನ ಕೆಲಸ ಹುಬ್ಬಳ್ಳಿಯಲ್ಲಿ, ಮನೆ ಶಿರಸಿ ಹತ್ತಿರದ ಹಳ್ಳಿಯಲ್ಲಿ. ತಿಂಗಳಿಗೆ ಎರಡು ಸಲವಾದರೂ ಮುಂಡಗೋಡ ಮೇಲೆ ಊರಿಗೆ ಹೋಗುತ್ತೇನೆ. ಕೊನೆಯ ನಾಲ್ಕು ಕಿಲೋಮೀಟರ್‌ನಲ್ಲಿ ಡಾಂಬರಿಗಿಂತ ಹೊಂಡವೇ ಜಾಸ್ತಿ. 2023ರಲ್ಲಿ ಶೋರೂಂಗೆ ಹೋದಾಗ ಬೇಸ್ ಮಾಡೆಲ್ ಸಾಕು ಅಂತಲೇ ಹೋಗಿದ್ದೆ. ಎಕ್ಸ್ ಶೋರೂಂ, ಅಂದರೆ ರಸ್ತೆ ತೆರಿಗೆ, ಇನ್ಶೂರೆನ್ಸ್ ಸೇರದ ಬೆಲೆ 8.1 ಲಕ್ಷ. ಪಕ್ಕದಲ್ಲೇ ಅದೇ ಕಾರಿನ ಸ್ಪೋರ್ಟ್ ಮಾಡೆಲ್ ನಿಂತಿತ್ತು. 16 ಇಂಚಿನ ಕಪ್ಪು ಅಲಾಯ್ ಚಕ್ರ, ಹಿಂದೆ ಸ್ಪಾಯ್ಲರ್, ಸೀಟಿಗೆ ಕೆಂಪು ಹೊಲಿಗೆ. ಬೆಲೆ 10.2 ಲಕ್ಷ.

ಆಸೆ ಹುಟ್ಟಲು ಕಾರಣ ಇತ್ತು. ಗೆಳೆಯನ ಹತ್ತಿರ ಇದ್ದ ಪೋಲೋ ಕಾರಿನ ಸ್ಪೋರ್ಟ್ ಮಾಡೆಲ್ ಜಿಟಿ ಟಿಎಸ್‌ಐ ಓಡಿಸಿದ್ದೆ. ಆಗಿನ ಸಾದಾ ಪೆಟ್ರೋಲ್ ಪೋಲೋ 75 ಅಶ್ವಶಕ್ತಿಯದು. ಜಿಟಿಯ ಟರ್ಬೊ ಎಂಜಿನ್ 105. ಏರು ಹತ್ತುವಾಗ ಆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ. 2017ರಲ್ಲಿ ಬಂದ ಬಲೆನೊ ಕಾರಿನ ಸ್ಪೋರ್ಟ್ ಮಾಡೆಲ್ ಆರ್‌ಎಸ್ ಕೂಡ ಹಾಗೇ. ಎಂಜಿನ್ನೇ ಬೇರೆ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಸ್ಪೋರ್ಟ್ ಅಂದರೆ ಎಲ್ಲ ಕಡೆ ಹೀಗೇ ಇರುತ್ತದೆ ಅಂದುಕೊಂಡೆ. ಬ್ರೋಷರ್‌ನ ಕೊನೇ ಪುಟ ನೋಡಲಿಲ್ಲ. ಎರಡೂ ಮಾಡೆಲ್‌ಗೆ ಅದೇ ಎಂಜಿನ್, ಅಷ್ಟೇ ಪವರ್, ಹಿಂದೆ ಅದೇ ಡ್ರಮ್ ಬ್ರೇಕ್ ಅಂತ ಅಲ್ಲಿ ಅಚ್ಚಾಗಿತ್ತು. ಓದಿದ್ದು ಕಾರು ಮನೆಗೆ ಬಂದು ಮೂರು ವಾರ ಆದ ಮೇಲೆ.

"ಎರಡು ಲಕ್ಷ ಅಷ್ಟೇ ಸರ್ ವ್ಯತ್ಯಾಸ, ಇಎಂಐನಲ್ಲಿ ಗೊತ್ತೇ ಆಗಲ್ಲ" ಅಂದರು ಸೇಲ್ಸ್‌ನವರು. ತೆರಿಗೆ ವಿಷಯ ಎತ್ತಲೇ ಇಲ್ಲ. ನಮ್ಮ ರಾಜ್ಯದಲ್ಲಿ ನಾನು ಕಾರು ತಗೊಂಡಾಗ 5ರಿಂದ 10 ಲಕ್ಷದವರೆಗಿನ ಕಾರಿಗೆ ರಸ್ತೆ ತೆರಿಗೆ 14 ಪರ್ಸೆಂಟ್, 10 ಲಕ್ಷ ದಾಟಿದರೆ 17. ಮೇಲಿನ ಇಪ್ಪತ್ತು ಸಾವಿರಕ್ಕೆ ಮಾತ್ರ ಅಲ್ಲ, ಇಡೀ ಬೆಲೆಗೆ 17. ಸೆಸ್ ಸೇರಿ ತೆರಿಗೆಯಲ್ಲೇ ಸುಮಾರು 66 ಸಾವಿರ ಜಾಸ್ತಿ ಹೋಯಿತು. ಇನ್ಶೂರೆನ್ಸ್ ಕಂತು ಏರಿದ್ದು ಬೇರೆ.

ದುಡ್ಡಿನ ನೋವು ಹೇಗೋ ಸಹಿಸಬಹುದು. ನಿಜವಾಗಿ ಕಾಡಿದ್ದು ಟೈರು. ಬೇಸ್ ಮಾಡೆಲ್‌ನ ಟೈರ್ ಮೇಲೆ 185/70 ಆರ್14 ಅಂತ ಇರುತ್ತದೆ. ನನ್ನದರ ಮೇಲೆ 195/55 ಆರ್16. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಎರಡನೆಯದು ಆ ಅಗಲದಲ್ಲಿ ನೂರಕ್ಕೆ ಎಷ್ಟು ಪಾಲು ಟೈರಿನ ಗೋಡೆ ಎತ್ತರ ಅನ್ನೋದು. ಆರ್ ಆದ ಮೇಲಿನದು ರಿಮ್ಮಿನ ಅಳತೆ, ಇಂಚಿನಲ್ಲಿ. ಮೊದಲ ಎರಡನ್ನು ಗುಣಿಸಿ ನೋಡಿ. ಬೇಸ್‌ನ ಗೋಡೆ ಸುಮಾರು 130 ಮಿಲಿಮೀಟರ್, ನನ್ನದು 107. ಹೊಂಡಕ್ಕೆ ಬಿದ್ದಾಗ ರಿಮ್ಮನ್ನು ಕಾಪಾಡುವುದು ಆ ಗೋಡೆಯೊಳಗಿನ ಗಾಳಿಯೇ ಅಲ್ವಾ? ಅಲ್ಲಿ ಎರಡು ಸೆಂಟಿಮೀಟರ್‌ಗಿಂತ ಜಾಸ್ತಿ ಕಮ್ಮಿ.

ಮೊದಲ ಮಳೆಗಾಲದಲ್ಲೇ ಅನುಭವಕ್ಕೆ ಬಂತು. ಸೊಂಟನೋವಿಗೆ ಆಯಿಯನ್ನು, ಅಂದರೆ ಅಮ್ಮನನ್ನು, ಹುಬ್ಬಳ್ಳಿ ಡಾಕ್ಟರಿಗೆ ತೋರಿಸಿ ವಾಪಸ್ ಹೊರಟಿದ್ದೆ. ರಾತ್ರಿ ಎಂಟೂವರೆ, ಜೋರು ಮಳೆ. ಮುಂಡಗೋಡ ದಾಟಿದ ಮೇಲೆ ನೀರು ತುಂಬಿದ ಹೊಂಡ ಕಾಣಲಿಲ್ಲ. ಧಡ್ ಅಂತ ಸದ್ದು. ಹಿಂದೆ ಕೂತಿದ್ದ ಆಯಿ ನೋವಿಗೆ ಕೂಗಿಕೊಂಡಳು. ಇಳಿದು ಟಾರ್ಚ್ ಬಿಟ್ಟು ನೋಡಿದರೆ ಮುಂದಿನ ಎಡ ಟೈರಿನ ಗೋಡೆ ಸೀಳಿತ್ತು, ರಿಮ್ಮಿನ ಅಂಚು ಒಳಕ್ಕೆ ಮಡಚಿತ್ತು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ 14 ಇಂಚಿನ ಉಕ್ಕಿನ ಚಕ್ರ. 80ಕ್ಕಿಂತ ಜೋರು ಓಡಿಸಬೇಡಿ ಅಂತ ಅದರ ಮೇಲೆ ಸ್ಟಿಕ್ಕರ್. ಆ ಮಳೆಯಲ್ಲಿ ಅದನ್ನೇ ಹಾಕಿ ನಿಧಾನಕ್ಕೆ ಮನೆ ಸೇರಿದೆವು. ಆಯಿ ದಾರಿಯುದ್ದ ಒಂದು ಮಾತೂ ಆಡಲಿಲ್ಲ.

ಮರುದಿನ ಶಿರಸಿಯಲ್ಲಿ ನಾಲ್ಕು ಟೈರ್ ಅಂಗಡಿ ಸುತ್ತಿದೆ. ಆ ಸೈಜು ಯಾರ ಹತ್ತಿರವೂ ಇರಲಿಲ್ಲ. ಹುಬ್ಬಳ್ಳಿಯಿಂದ ತರಿಸಲು ಮೂರು ದಿನ ಹಿಡಿಯಿತು. ಟೈರು, ಅಲಾಯ್ ಎರಡೂ ಸೇರಿ 21 ಸಾವಿರ. ಇನ್ಶೂರೆನ್ಸ್ ಇದೆಯಲ್ಲ ಅಂದುಕೊಂಡಿದ್ದೆ. ಸಾಮಾನ್ಯ ಪಾಲಿಸಿಯಲ್ಲಿ ಟೈರ್ ಒಂದಕ್ಕೇ ಪೆಟ್ಟಾದರೆ ಟೈರಿಗೆ ದುಡ್ಡು ಸಿಗುವುದಿಲ್ಲ. ಅದೇ ಹೊತ್ತಿಗೆ ಕಾರಿಗೂ ಪೆಟ್ಟಾಗಿದ್ದರೆ ಮಾತ್ರ ಅರ್ಧ ಕೊಡುತ್ತಾರೆ. ಅಲಾಯ್‌ಗಾಗಿ ಕ್ಲೇಮ್ ಮಾಡಿದ್ದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಹೋಗುತ್ತಿತ್ತು. ಟೈರಿಗೆ ಪಾಲಿಸಿಯ ಜೊತೆ ಹೆಚ್ಚು ದುಡ್ಡು ಕೊಟ್ಟು ಸೇರಿಸುವ ಬೇರೆ ಆಡ್ ಆನ್ ಇದೆ. ದೊಡ್ಡ ಅಲಾಯ್ ಕಾರು ಈಗಾಗಲೇ ತಗೊಂಡಿದ್ದರೆ ಅದನ್ನು ಖಂಡಿತ ಸೇರಿಸಿಕೊಳ್ಳಿ.

ಇನ್ನೂ ತಗೊಳ್ಳದವರು ಟೆಸ್ಟ್ ಡ್ರೈವ್‌ಗೆ ಮನೆಯ ಹಿರಿಯರನ್ನು ಕರೆದುಕೊಂಡು ಹೋಗಿ ಹಿಂದಿನ ಸೀಟಲ್ಲಿ ಕೂರಿಸಿ. ನಾನು ಸುಮ್ನೆ ಹುಬ್ಬಳ್ಳಿಯ ಗೋಕುಲ್ ರೋಡಿನಲ್ಲಿ ಒಂದು ಸುತ್ತು ಹೊಡೆದು ಬಂದೆ, ಅದೂ ಹಿಂದೆ ಯಾರೂ ಇಲ್ಲದೆ. ಹಂಪ್ ಇರುವ, ಕಿತ್ತುಹೋದ ರಸ್ತೆಗೇ ಹೋಗೋಣ ಅಂತ ಹಟ ಹಿಡಿಯಿರಿ. ಎರಡೂ ಮಾಡೆಲ್ ಒಂದೇ ದಿನ ಓಡಿಸಿ. ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿದ ಆನ್ ರೋಡ್ ಬೆಲೆ ಎರಡಕ್ಕೂ ಬರೆಸಿಕೊಳ್ಳಿ. ಎಂಜಿನ್ ಬೇರೆ ಇದ್ದು, ನಿಮ್ಮ ದಾರಿ ಚೆನ್ನಾಗಿದ್ದರೆ ಸ್ಪೋರ್ಟ್ ತಗೊಳ್ಳಿ, ಅದರ ಖುಷಿಯೇ ಬೇರೆ. ನಮ್ಮಂಥ ದಾರಿಗೆ ನನ್ನ ಕೇಳಿದರೆ ಬೇಸ್‌ಗೂ ಸ್ಪೋರ್ಟ್‌ಗೂ ಮಧ್ಯದ ಮಾಡೆಲ್ಲೇ ಸರಿ.

ಆ ಮಧ್ಯದ ಮಾಡೆಲ್‌ಗೆ ಕಂಪನಿಯೇ ಕೊಡುವ 185/65 ಆರ್15 ಸೈಜಿನ ನಾಲ್ಕು ಚಕ್ರ ಕೊಂಡು ಈಗ ನನ್ನ ಕಾರಿಗೆ ಹಾಕಿಸಿದ್ದೇನೆ. ಹೊರಗಿನ ಸುತ್ತಳತೆ ಹೆಚ್ಚುಕಮ್ಮಿ ಅಷ್ಟೇ ಇರುವುದರಿಂದ ಸ್ಪೀಡೋಮೀಟರ್ ತಪ್ಪುವುದಿಲ್ಲ. ಹೋದ ವಾರ ಆಯಿ ಹುಬ್ಬಳ್ಳಿಯಿಂದ ಮನೆವರೆಗೆ ಎಲ್ಲೂ ನಿಲ್ಲಿಸು ಅನ್ನದೆ ಬಂದಳು.